ಮೊದಲ ಉಮೇದವಾರಿ: ಕಾಲೇಜು ಸೇರಿದ ನಮ್ಮ ಮಕ್ಕಳಿಗೆ ಕೆಲವು ಮಾತುಗಳು

ವಿದ್ಯೆಯಲ್ಲಿ ಎರಡು ಬಗೆಯುಂಟು. ಒಂದು ಪುಸ್ತಕದಿಂದ ಕಣ್ಣಿಗೆ ಬರುವುದು. ಇನ್ನೊಂದು ಕೆಲಸದಿಂದ ಕೈಗೆ ಬರುವುದು. ದಡದ ಮೇಲೆ ಕುಳಿತು ಈಜಿನ ಶಾಸ್ತ್ರವನ್ನು ಎಷ್ಟು ಓದಿದರೂ ನೀರಿಗೆ ಇಳಿಯದವನಿಗೆ ಈಜು ಬಾರದೆಂಬುದು ಎಲ್ಲರೂ ಬಲ್ಲ ಮಾತು. ಆದರೂ ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿ ಬಹುಮಂದಿ ಪದವಿಯ ಪತ್ರ ಕೈಗೆ ಬರುವವರೆಗೂ ದಡದಲ್ಲಿಯೇ ಕುಳಿತಿರುತ್ತಾರೆ. ಪತ್ರ ಬಂದ ಮೇಲೆ ನೌಕರಿಯನ್ನು ಅರಸಿ ಹೊರಟರೆ ಪ್ರತಿಯೊಂದು ಕಚೇರಿಯಲ್ಲಿಯೂ ಒಂದೇ ಪ್ರಶ್ನೆ ಎದುರಾಗುತ್ತದೆ: “ಅನುಭವವೇನಾದರೂ ಉಂಟೆ?” ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಈ ಬೀಗಕ್ಕೆ ಇರುವ ಕೀಲಿಕೈಗಳಲ್ಲಿ ಒಂದು, ಇಂದು ಇಂಟರ್ನ್‌ಶಿಪ್ ಎಂದು ಕರೆಯಲ್ಪಡುವ ಅಲ್ಪಾವಧಿಯ ಕಾರ್ಯಾನುಭವ.

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಕಾಲೇಜು ಸೇರಿದ ಹಳೆಯ ವಿದ್ಯಾರ್ಥಿಗಳು ಬೇಸಗೆಯ ರಜೆ ಹತ್ತಿರವಾದಂತೆ ಶಾಲೆಗೆ ಬಂದು ಕೇಳುವುದುಂಟು: “ಇಂಟರ್ನ್‌ಶಿಪ್ ಮಾಡಲೇಬೇಕೆಂದು ಕಾಲೇಜಿನಲ್ಲಿ ಹೇಳಿದ್ದಾರೆ. ನಮಗೆ ಯಾರ ಪರಿಚಯವೂ ಇಲ್ಲ. ಏನು ಮಾಡೋಣ?” ಇವರಲ್ಲಿ ಅನೇಕರ ತಂದೆ ಹೋಟೆಲಿನಲ್ಲಿಯೋ, ಕ್ಯಾಂಟೀನಿನಲ್ಲಿಯೋ, ಕಟ್ಟಡದ ಕೆಲಸದಲ್ಲಿಯೋ ದುಡಿಯುವವರು, ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ಶ್ರೀಮಂತರ ಮಕ್ಕಳಿಗೆ ಚಿಕ್ಕಪ್ಪನ ಕಚೇರಿಯಲ್ಲಿ ಜಾಗ ಸಿದ್ಧವಾಗಿರಬಹುದು; ನಮ್ಮ ಮಕ್ಕಳು ಹೊಸ್ತಿಲನ್ನು ತಾವೇ ಹುಡುಕಬೇಕು. ಈ ಲೇಖನ ಅಂಥವರಿಗಾಗಿ, ಅವರ ತಂದೆತಾಯಿಗಳಿಗಾಗಿ.

ಹೆಸರಿನ ಅರ್ಥ

ಇಂಟರ್ನ್ ಎಂಬ ಶಬ್ದ ಫ್ರೆಂಚ್ ಭಾಷೆಯಿಂದ ಬಂದುದು. ‘ಒಳಗಿರುವವನು’ ಎಂದು ಅದರ ಅರ್ಥ. ೧೮೦೨ರಲ್ಲಿ ಪ್ಯಾರಿಸಿನ ಆಸ್ಪತ್ರೆಗಳಲ್ಲಿ ಸ್ಪರ್ಧಾ ಪರೀಕ್ಷೆಯಿಂದ ಆರಿಸಿದ ವೈದ್ಯ ವಿದ್ಯಾರ್ಥಿಗಳನ್ನು ಆಸ್ಪತ್ರೆಯ ಒಳಗೇ ಇರಿಸಿಕೊಂಡು ರೋಗಿಗಳ ಬಳಿಯಲ್ಲಿ ಕಲಿಸುವ ಪದ್ಧತಿ ಏರ್ಪಟ್ಟಿತು. ಇಂದಿಗೂ ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿ ಕೊನೆಯ ಪರೀಕ್ಷೆಯಾದ ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯದ ಹೊರತು ವೈದ್ಯನೆನಿಸಿಕೊಳ್ಳಲಾರ.

ಮುಂಬಯಿಯ ನಮಗೆ ಇದಕ್ಕಿಂತ ಹತ್ತಿರದ ಶಬ್ದವೊಂದಿದೆ. ಅದು ‘ಉಮೇದವಾರಿ’. ಹಳೆಯ ಮುಂಬಯಿ ಪ್ರಾಂತದ ಕಚೇರಿಗಳಲ್ಲಿ ಕೆಲಸ ಕಲಿಯುತ್ತ ನೌಕರಿಯ ನಿರೀಕ್ಷೆಯಲ್ಲಿರುವವನನ್ನು ಉಮೇದವಾರನೆಂದು ಕರೆಯುತ್ತಿದ್ದರು. ಫಾರಸಿಯಲ್ಲಿ ‘ಉಮೇದು’ ಎಂದರೆ ಆಸೆ, ಭರವಸೆ. ಮರಾಠಿಯಲ್ಲಿ ಇಂದಿಗೂ ಅಪ್ರೆಂಟಿಸನಿಗೆ ‘ಶಿಕಾವೂ ಉಮೇದವಾರ’ ಎನ್ನುತ್ತಾರೆ. ಕನ್ನಡದ ಸರಕಾರಿ ಕಾಗದಗಳಲ್ಲಿ ‘ಶಿಶಿಕ್ಷು’ ಎಂಬ ಶಬ್ದವನ್ನು ಬಳಸುತ್ತಾರೆ. ಇದರ ಮೂಲವಾದ ಸಂಸ್ಕೃತದ ‘ಶಿಕ್ಷ್’ ಧಾತು ‘ಶಕ್’ ಎಂಬುದರಿಂದ ಹುಟ್ಟಿದ್ದು. ಸಮರ್ಥನಾಗಬೇಕೆಂದು ಬಯಸುವುದೇ ಅದರ ಅರ್ಥ. ಭರವಸೆಯುಳ್ಳವನು, ಸಮರ್ಥನಾಗಬಯಸುವವನು ಎಂಬ ಈ ಎರಡು ಅರ್ಥಗಳನ್ನು ನೆನಪಿಟ್ಟುಕೊಂಡರೆ, ಇದು ಯಾರ ಮುಂದೆಯೂ ಕೈಯೊಡ್ಡುವ ಕೆಲಸವಲ್ಲವೆಂಬುದು ಮನಸ್ಸಿಗೆ ಬರುತ್ತದೆ.

ಓದೂ ದುಡಿಮೆಯೂ

ಓದುವಾಗ ದುಡಿದರೆ ಓದು ಕೆಡುವುದೆಂದು ಅನೇಕ ತಂದೆತಾಯಿಗಳು ಅಂಜುತ್ತಾರೆ. ಅಂಜಿಕೆ ನಿರಾಧಾರವಾದುದಲ್ಲ, ದುಡಿಮೆ ಮಿತಿಮೀರಿದರೆ ಓದು ಕೆಡುವುದು ನಿಜ. ಆದರೆ ಮಿತಿಯಲ್ಲಿದ್ದರೆ ಒಂದಕ್ಕೊಂದು ಆಧಾರವಾಗುತ್ತವೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು ೧೯೦೬ರಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸರದಿಯಂತೆ ಕೆಲವು ಕಾಲ ತರಗತಿಯಲ್ಲಿ, ಕೆಲವು ಕಾಲ ಕಾರ್ಖಾನೆಯಲ್ಲಿ ಕಲಿಯುವ ಏರ್ಪಾಡನ್ನು ಆರಂಭಿಸಿದರು. ಅದು ಮುಂದೆ ಅನೇಕ ದೇಶಗಳಿಗೆ ಮಾದರಿಯಾಯಿತು. ನಮ್ಮ ದೇಶದಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆ ೧೯೭೩ರಲ್ಲಿ ‘ಪ್ರಾಕ್ಟೀಸ್ ಸ್ಕೂಲ್’ ಎಂಬ ಹೆಸರಿನಿಂದ ವಿದ್ಯಾರ್ಥಿಗಳನ್ನು ಉದ್ಯಮಗಳಿಗೆ ಕಳುಹಿಸುವ ಕ್ರಮವನ್ನು ತಂದಿತು.

ನಮ್ಮವರಲ್ಲಿಯೇ ಉದಾಹರಣೆ ಬೇಕೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರಿದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅವರು ಮನೆಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡರು. ಮುಂದೆ ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ೧೮೮೪ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಈ ನಗರದ ಕನ್ನಡಿಗರ ಚರಿತ್ರೆಯಲ್ಲಿಯೂ ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತು ಮೇಲೆ ಬಂದವರ ಸಾಲೇ ಇದೆ. ದುಡಿಯುತ್ತ ಕಲಿಯುವುದು ನಮಗೆ ಹೊಸ ಪಾಠವೇನೂ ಅಲ್ಲ.

ಮೂರು ಬಗೆಯ ಅವಕಾಶಗಳು

ಇಂಟರ್ನ್‌ಶಿಪ್, ಅಪ್ರೆಂಟಿಸ್‌ಶಿಪ್ ಎಂಬ ಮಾತುಗಳನ್ನು ಜನರು ಒಂದೇ ಅರ್ಥದಲ್ಲಿ ಬಳಸುವುದರಿಂದ ಗೊಂದಲವಾಗುತ್ತದೆ. ಅವುಗಳ ಭೇದವನ್ನು ಮೊದಲು ತಿಳಿಯತಕ್ಕದ್ದು.

ಮೊದಲನೆಯದು ಪದವಿಯ ಅಂಗವಾಗಿ ವಿದ್ಯಾರ್ಥಿಯು ಪಡೆಯುವ ಅನುಭವ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನಂತರ ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೨ರಲ್ಲಿ ಪ್ರಕಟಿಸಿದ ಪದವಿ ಶಿಕ್ಷಣದ ಚೌಕಟ್ಟಿನಲ್ಲಿ ಇದಕ್ಕೆ ಕ್ರೆಡಿಟ್ಟುಗಳನ್ನು ಗೊತ್ತುಮಾಡಿದೆ. ಒಂದು ಕ್ರೆಡಿಟ್ಟಿಗೆ ೩೦ ಗಂಟೆಗಳ ಕೆಲಸವೆಂಬುದು ಲೆಕ್ಕ. ಆದುದರಿಂದ ೪ ಕ್ರೆಡಿಟ್ಟಿನ ಇಂಟರ್ನ್‌ಶಿಪ್ ಎಂದರೆ ೧೨೦ ಗಂಟೆ. ದಿನಕ್ಕೆ ೪ ಗಂಟೆಯಂತೆ ವಾರಕ್ಕೆ ೬ ದಿನ ಹೋದರೆ ೫ ವಾರಗಳಲ್ಲಿ ಮುಗಿಯುತ್ತದೆ. ಲೆಕ್ಕ ಹಾಕಿ ನೋಡಿದರೆ ಬೆಟ್ಟದಂತೆ ಕಂಡದ್ದು ಗುಡ್ಡವಾಗುತ್ತದೆ. ಕೆಲವು ಶಿಕ್ಷಣಗಳಿಗೆ ಬೇರೆ ಕಟ್ಟಳೆಗಳುಂಟು. ಕಾನೂನು ಓದುವವರಿಗೆ ಬಾರ್ ಕೌನ್ಸಿಲಿನ ೨೦೦೮ರ ನಿಯಮಗಳು ಮೂರು ವರ್ಷದ ಶಿಕ್ಷಣದಲ್ಲಿ ಕನಿಷ್ಠ ೧೨ ವಾರಗಳನ್ನೂ, ಐದು ವರ್ಷದ್ದರಲ್ಲಿ ೨೦ ವಾರಗಳನ್ನೂ ವಿಧಿಸಿವೆ. ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆನ್ನುವವರು ಅನುಭವಿ ಲೆಕ್ಕಪರಿಶೋಧಕರ ಕೈಕೆಳಗೆ ಆರ್ಟಿಕಲ್‌ಶಿಪ್ ಮಾಡಬೇಕು. ಮೊದಲು ಮೂರು ವರ್ಷವಿದ್ದ ಆ ಅವಧಿ ೨೦೨೩ರ ಹೊಸ ಯೋಜನೆಯಲ್ಲಿ ಎರಡು ವರ್ಷವಾಗಿದೆ.

ಎರಡನೆಯದು ೧೯೬೧ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ನಡೆಯುವ ಶಿಶಿಕ್ಷು ತರಬೇತಿ. ಇದಕ್ಕೆ ಬರೆದ ಕರಾರು ಇರಬೇಕು, ಅದರ ನೋಂದಣಿಯಾಗಬೇಕು, ಮಾಸಿಕ ವೇತನ ಕೊಡಲೇಬೇಕು. ೨೦೧೯ರ ನಿಯಮಗಳಂತೆ ೩೦ ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡ ೨.೫ರಿಂದ ೧೫ರವರೆಗೆ ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. ಎಂದರೆ ೨೦೦ ಜನರಿರುವ ಕಾರ್ಖಾನೆ ಕಡಮೆಯೆಂದರೂ ಐವರಿಗೆ ಅವಕಾಶ ಕೊಡತಕ್ಕದ್ದು. ಪದವೀಧರ ಶಿಶಿಕ್ಷುವಿಗೆ ಆ ನಿಯಮಗಳು ತಿಂಗಳಿಗೆ ಕನಿಷ್ಠ ೯,೦೦೦ ರೂಪಾಯಿ ಗೊತ್ತುಮಾಡಿದವು. ಇಂಥ ದರಗಳು ಆಗಾಗ ಪರಿಷ್ಕೃತವಾಗುವುದರಿಂದ ಅರ್ಜಿ ಹಾಕುವ ದಿನ ಸರಕಾರದ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಇನ್ನೊಂದು ಸಂಗತಿಯನ್ನು ಮರೆಯಬಾರದು: ಕಾಯಿದೆಯ ದೃಷ್ಟಿಯಲ್ಲಿ ಶಿಶಿಕ್ಷು ಕಲಿಯುವವನೇ ಹೊರತು ನೌಕರನಲ್ಲ; ತರಬೇತಿ ಮುಗಿದ ಮೇಲೆ ಕೆಲಸ ಕೊಡುವ ಹೊಣೆ, ಕರಾರಿನಲ್ಲಿ ಬರೆದಿಲ್ಲದಿದ್ದರೆ, ಮಾಲಿಕನ ಮೇಲಿಲ್ಲ.

ಮೂರನೆಯದು ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. ೨೦೨೪ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾಗಿ ಅದೇ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದರಲ್ಲಿ ದೊಡ್ಡ ಕಂಪನಿಗಳಲ್ಲಿ ೧೨ ತಿಂಗಳ ಅನುಭವ ದೊರೆಯುತ್ತದೆ. ಆರಂಭದ ನಿಯಮಗಳಂತೆ ವಯಸ್ಸು ೨೧ರಿಂದ ೨೪. ತಿಂಗಳಿಗೆ ೫,೦೦೦ ರೂಪಾಯಿ, ಸೇರುವಾಗ ಒಂದು ಸಲ ೬,೦೦೦ ರೂಪಾಯಿ. ಆದರೆ ಪೂರ್ಣಕಾಲ ಕಾಲೇಜಿಗೆ ಹೋಗುತ್ತಿರುವವರಿಗೆ ಅದು ತೆರೆದಿರಲಿಲ್ಲ. ಆದಕಾರಣ ಹೆಸರು ಕೇಳಿದೊಡನೆ ಓಡದೆ ಸದ್ಯದ ನಿಯಮವನ್ನು ಓದಿ ತಿಳಿದು ಅರ್ಜಿ ಹಾಕುವುದು ಜಾಣತನ.

ಇನ್ನು ಮುಂದೆ ಹೇಳುವ ಮಾತುಗಳು ಮುಖ್ಯವಾಗಿ ಮೊದಲನೆಯ ಬಗೆಯವರಿಗೆ ಸಂಬಂಧಿಸಿದವು.

ವಶೀಲಿಯೂ ಪರಿಚಯವೂ

“ವಶೀಲಿಯಿಲ್ಲದೆ ಈ ನಗರದಲ್ಲಿ ಏನೂ ನಡೆಯುವುದಿಲ್ಲ” ಎಂಬ ಮಾತು ನಮ್ಮ ಚಾಳುಗಳಲ್ಲಿ ಸದಾ ಕೇಳಿಬರುತ್ತದೆ. ಇದು ಅರ್ಧ ಸತ್ಯ. ವಶೀಲಿ ಬೇರೆ, ಪರಿಚಯ ಬೇರೆ. ಅರ್ಹತೆಯಿಲ್ಲದವನನ್ನು ಹಿಂಬಾಗಿಲಿನಿಂದ ಒಳಗೆ ತಳ್ಳುವುದು ವಶೀಲಿ. ಮುಂಬಾಗಿಲು ಎಲ್ಲಿದೆಯೆಂದು ತೋರಿಸುವುದು ಪರಿಚಯ. ಮೊದಲನೆಯದನ್ನು ಬೇಡಲಾಗದು, ಎರಡನೆಯದನ್ನು ಕೇಳಲು ನಾಚಬೇಕಾಗಿಲ್ಲ.

ನಮಗೆ ಪರಿಚಯವೇ ಇಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ಕ್ಯಾಂಟೀನಿನಲ್ಲಿ ದುಡಿಯುವ ತಂದೆ ದಿನವೂ ನೂರಾರು ಮಂದಿಗೆ ಚಹಾ ಕೊಡುತ್ತಾನೆ. ಅವರಲ್ಲಿ ವಕೀಲರುಂಟು, ಲೆಕ್ಕಿಗರುಂಟು, ಎಂಜಿನಿಯರುಗಳುಂಟು. “ನನ್ನ ಮಗಳು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ, ಯಾರನ್ನು ಕೇಳಬೇಕೆಂದು ಹೇಳುವಿರಾ?” ಎಂದು ಕೇಳಿದರೆ ಅವನ ಮರ್ಯಾದೆಗೆ ಕುಂದಿಲ್ಲ. ಹೀಗೆ ಕೇಳುವಾಗ ಕೆಲಸ ಕೊಡಿಸಿರೆಂದು ಕೇಳದೆ, ತಿಳಿವಳಿಕೆ ಕೊಡಿರೆಂದು ಕೇಳಬೇಕು. ಕೆಲಸ ಕೊಡಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹತ್ತು ನಿಮಿಷ ಮಾತನಾಡುವ ಸೌಜನ್ಯ ಹಲವರಿಗೆ ಇರುತ್ತದೆ.

ಅರಸತಕ್ಕ ಸ್ಥಳಗಳು ಇವು: ಮೊದಲು ನಿಮ್ಮ ಕಾಲೇಜಿನ ಉದ್ಯೋಗ ವಿಭಾಗ ಮತ್ತು ನಿಮಗೆ ಪಾಠ ಹೇಳುವ ಪ್ರಾಧ್ಯಾಪಕರು. ಅನಂತರ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಇಂಟರ್ನ್‌ಶಿಪ್ ಜಾಲತಾಣ. ಅದಾದ ಮೇಲೆ, ಬಹುಮಂದಿ ಕಡೆಗಣಿಸುವ ನೆರೆಹೊರೆಯ ಸಣ್ಣ ಕಚೇರಿಗಳು: ಗೃಹನಿರ್ಮಾಣ ಸಹಕಾರ ಸಂಘಗಳ ಲೆಕ್ಕ ನೋಡುವವರು, ವಕೀಲರು, ಪತ್ತಿನ ಸಹಕಾರ ಸಂಘಗಳು, ಮುದ್ರಣಾಲಯಗಳು, ಔಷಧಾಲಯಗಳು, ಗ್ರಂಥಾಲಯಗಳು, ಸೇವಾಸಂಸ್ಥೆಗಳು. ದೊಡ್ಡ ಕಂಪನಿಯ ಹೆಸರು ಕಾಗದದ ಮೇಲೆ ಚೆಂದವಾಗಿ ಕಾಣುವುದು ನಿಜ. ಆದರೆ ಅಲ್ಲಿ ಹೊಸಬನಿಗೆ ಒಂದೇ ಮೇಜಿನ ಒಂದೇ ಮೂಲೆಯ ಕೆಲಸ ಸಿಕ್ಕಬಹುದು. ನಾಲ್ವರಿರುವ ಕಚೇರಿಯಲ್ಲಿ ಬಿಲ್ಲು ಬರೆಯುವುದರಿಂದ ಬ್ಯಾಂಕಿಗೆ ಹೋಗುವವರೆಗೆ ಎಲ್ಲವನ್ನೂ ಕಣ್ಣಾರೆ ನೋಡಬಹುದು.

ಅರ್ಜಿ ಬರೆಯುವ ಬಗೆ

ಅರ್ಜಿಯೆಂಬುದು ಪ್ರಬಂಧವಲ್ಲ. ಅದನ್ನು ಓದುವವರಿಗೆ ಬೇಕಾದ ಸಂಗತಿಗಳು ಐದೇ: ನೀವು ಯಾರು, ಏನು ಓದುತ್ತಿದ್ದೀರಿ, ಎಷ್ಟು ಕಾಲ ಬರಬಲ್ಲಿರಿ, ಅವರಲ್ಲಿಗೇ ಏಕೆ ಬರಬಯಸುತ್ತೀರಿ, ನಿಮ್ಮಿಂದ ಅವರಿಗೇನು ಉಪಯೋಗ. “ನಾನು ಪ್ರಾಮಾಣಿಕ, ಪರಿಶ್ರಮಿ, ಶಿಸ್ತುಗಾರ” ಎಂದು ಬರೆದರೆ ಯಾರೂ ನಂಬುವುದಿಲ್ಲ. ಏಕೆಂದರೆ ಎಲ್ಲರೂ ಹಾಗೆಯೇ ಬರೆಯುತ್ತಾರೆ. ಬದಲಾಗಿ “ಎರಡು ವರ್ಷದಿಂದ ನಮ್ಮ ಕಟ್ಟಡದ ಗಣೇಶೋತ್ಸವದ ಜಮಾಖರ್ಚನ್ನು ಬರೆದು ಸಭೆಗೆ ಒಪ್ಪಿಸಿದ್ದೇನೆ” ಎಂದರೆ ಆ ಮೂರು ಗುಣಗಳೂ ತಾವಾಗಿಯೇ ತಿಳಿದುಬರುತ್ತವೆ. ತಮ್ಮಂದಿರಿಗೆ ಪಾಠ ಹೇಳಿದ್ದು, ಅಪ್ಪನ ಅಂಗಡಿಯಲ್ಲಿ ಕುಳಿತದ್ದು, ಅಜ್ಜಿಯ ಆಸ್ಪತ್ರೆಯ ಕಾಗದಗಳನ್ನು ನೋಡಿಕೊಂಡದ್ದು ಇವೆಲ್ಲವೂ ಅನುಭವಗಳೇ. ನಮ್ಮ ಮಕ್ಕಳಿಗೆ ಇವುಗಳ ಬೆಲೆ ತಿಳಿಯದು.

ಒಂದು ಮಾದರಿಯನ್ನು ಇಲ್ಲಿ ಕೊಡುತ್ತೇನೆ. ಇದನ್ನು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಬಹುದು.

“ಮಾನ್ಯರೇ, ನಾನು ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿನಿ. ಪದವಿಯ ನಿಯಮದಂತೆ ೧೨೦ ಗಂಟೆಗಳ ಕಾರ್ಯಾನುಭವ ಪಡೆಯಬೇಕಾಗಿದೆ. ಮೇ ತಿಂಗಳ ಮೊದಲ ವಾರದಿಂದ ಐದು ವಾರ, ದಿನಕ್ಕೆ ೪ ಗಂಟೆ ಬರಬಲ್ಲೆ. ತಮ್ಮ ಕಚೇರಿಯಲ್ಲಿ ಗೃಹನಿರ್ಮಾಣ ಸಂಘಗಳ ಲೆಕ್ಕ ಪರಿಶೋಧನೆ ನಡೆಯುತ್ತದೆಂದು ತಿಳಿದು ಅದನ್ನು ಹತ್ತಿರದಿಂದ ಕಲಿಯಬೇಕೆಂದು ಬಯಸುತ್ತೇನೆ. ಗಣಕಯಂತ್ರದಲ್ಲಿ ಲೆಕ್ಕದ ಪಟ್ಟಿ ಸಿದ್ಧಪಡಿಸಬಲ್ಲೆ. ಕನ್ನಡ, ಮರಾಠಿ, ಹಿಂದಿ ಚೆನ್ನಾಗಿ ಬಲ್ಲೆ, ಇಂಗ್ಲಿಷಿನಲ್ಲಿ ಓದಿ ಬರೆಯಬಲ್ಲೆ. ತಾವು ಹೇಳಿದ ದಿನ ಬಂದು ಕಾಣುವೆನು.”

ಇಷ್ಟು ಸಾಕು. ಜೊತೆಗೆ ಒಂದೇ ಪುಟದ ಪರಿಚಯಪತ್ರವಿರಲಿ. ಕಳುಹಿಸುವ ಮೊದಲು ಇನ್ನೊಬ್ಬರಿಂದ ಓದಿಸಿರಿ. ತನ್ನ ತಪ್ಪು ತನ್ನ ಕಣ್ಣಿಗೆ ಕಾಣುವುದು ಕಡಮೆ. ಹತ್ತು ಕಡೆಗೆ ಬರೆದರೆ ಒಂಬತ್ತು ಕಡೆಯಿಂದ ಉತ್ತರವೇ ಬಾರದಿರಬಹುದು. ಅದು ತಿರಸ್ಕಾರವೆಂದು ಭಾವಿಸಬಾರದು. ಬಹುಶಃ ಪತ್ರವನ್ನು ಯಾರೂ ತೆರೆದೇ ಇಲ್ಲ. ಹತ್ತು ದಿನ ಬಿಟ್ಟು ವಿನಯದಿಂದ ಒಂದು ನೆನಪೋಲೆ ಬರೆಯಿರಿ. ಯಾರಿಗೆ, ಎಂದು ಬರೆದಿರಿ, ಏನು ಉತ್ತರ ಬಂದಿತೆಂಬುದನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿರಿ. ಬೇಸಗೆಗೆ ಜಾಗ ಬೇಕೆಂದರೆ ಜನವರಿಯಲ್ಲಿಯೇ ಬರೆಯಲಾರಂಭಿಸಬೇಕು.

ಇಂಗ್ಲಿಷಿನ ಅಂಜಿಕೆ

ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳನ್ನು ಕಚೇರಿಯ ಬಾಗಿಲಿನಲ್ಲಿ ತಡೆಯುವುದು ಅನೇಕ ವೇಳೆ ಬಾಗಿಲು ಕಾಯುವವನಲ್ಲ, ಇಂಗ್ಲಿಷಿನ ಅಂಜಿಕೆ. ಕನ್ನಡ ಶಾಲೆಯಲ್ಲಿಯೇ ಹತ್ತನೆಯ ತರಗತಿ ಮುಗಿಸಿ ಈ ನಗರಕ್ಕೆ ಬಂದ ನನಗೆ ಈ ಅಂಜಿಕೆಯ ತೂಕ ಗೊತ್ತು. ಅದನ್ನು ಇಲ್ಲವೆನ್ನುವುದರಿಂದ ಪ್ರಯೋಜನವಿಲ್ಲ. ಅಳೆದು ನೋಡುವುದರಿಂದ ಪ್ರಯೋಜನವುಂಟು. ಮೊದಲ ಸಂದರ್ಶನದಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಬೆರಳೆಣಿಕೆಯಷ್ಟು: ನಿಮ್ಮ ವಿಷಯ ತಿಳಿಸಿರಿ, ಈ ಕೆಲಸವನ್ನೇಕೆ ಆರಿಸಿದಿರಿ, ಕಾಲೇಜಿನಲ್ಲಿ ಯಾವ ವಿಷಯ ಇಷ್ಟ, ಎಷ್ಟು ದಿನ ಬರುತ್ತೀರಿ, ನಮ್ಮನ್ನೇನಾದರೂ ಕೇಳುವುದಿದೆಯೇ. ಈ ಐದು ಪ್ರಶ್ನೆಗಳಿಗೆ ನಾಲ್ಕು ನಾಲ್ಕು ವಾಕ್ಯಗಳ ಉತ್ತರವನ್ನು ಸಿದ್ಧಪಡಿಸಿ ಗಟ್ಟಿಯಾಗಿ ಇಪ್ಪತ್ತು ಸಲ ಹೇಳಿಕೊಂಡರೆ ನಾಲಗೆ ಹಗುರವಾಗುತ್ತದೆ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಬೇಕೆಂದು ಕೇಳುವುದು ಅವಮಾನವಲ್ಲ. ತಿಳಿಯದೆ ತಲೆಯಾಡಿಸುವುದು ಅಪಾಯ. ಕೊನೆಯ ಪ್ರಶ್ನೆಗೆ “ಏನೂ ಇಲ್ಲ” ಎನ್ನಬೇಡಿರಿ. “ಇಲ್ಲಿ ಯಾರು ನನಗೆ ಕೆಲಸ ಕಲಿಸುವರು?” ಎಂದು ಕೇಳಿರಿ. ಅದಕ್ಕೆ ಬರುವ ಉತ್ತರದಿಂದ ಆ ಸ್ಥಳದ ಯೋಗ್ಯತೆ ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್ ಹೀಗೆ ನಮ್ಮ ಹುಡುಗ ಹುಡುಗಿಯರಿಗೆ ನಾಲ್ಕೈದು ಭಾಷೆಗಳು ಲೀಲಾಜಾಲವಾಗಿ ಬರುತ್ತವೆ. ಆಸ್ಪತ್ರೆಯ ವಿಚಾರಣೆಯ ಮೇಜಿನಲ್ಲಿ, ಬ್ಯಾಂಕಿನ ಶಾಖೆಯಲ್ಲಿ, ಮನೆಮನೆಗೆ ಹೋಗಿ ಮಾಹಿತಿ ಸಂಗ್ರಹಿಸುವ ಕಾರ್ಯದಲ್ಲಿ, ಭಾಷಾಂತರದಲ್ಲಿ ಇದು ದೊಡ್ಡ ಬಂಡವಾಳ. ಅರ್ಜಿಯಲ್ಲಿ ಅದನ್ನು ಕೊನೆಯ ಸಾಲಿನಲ್ಲಿ ಅಡಗಿಸದೆ ಮೇಲೆ ಬರೆಯಬೇಕು.

ಸಂಬಳವಿಲ್ಲದ ದುಡಿಮೆ

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಅನೇಕ ಸಂಸ್ಥೆಗಳು ಇಂಟರ್ನ್‌ಗಳಿಗೆ ಏನೂ ಕೊಡುವುದಿಲ್ಲ. ಕಾಲೇಜಿನ ಇಂಟರ್ನ್‌ಗೆ ಇಷ್ಟು ಕೊಡಲೇಬೇಕೆಂದು ಎಲ್ಲರಿಗೂ ಅನ್ವಯಿಸುವ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ. ಉಳ್ಳವರ ಮಕ್ಕಳು ಮೂರು ತಿಂಗಳು ಬಿಟ್ಟಿ ದುಡಿದು ಅನುಭವದ ಪತ್ರ ಪಡೆಯುತ್ತಾರೆ; ಇಲ್ಲದವರ ಮಕ್ಕಳು ಅದೇ ಮೂರು ತಿಂಗಳು ಅಂಗಡಿಯಲ್ಲಿ ದುಡಿದು ಕಾಲೇಜಿನ ಶುಲ್ಕ ಕೂಡಿಸುತ್ತಾರೆ. ಕೊನೆಗೆ ನೌಕರಿಯ ಸಂದರ್ಶನದಲ್ಲಿ ಮೊದಲನೆಯವರ ಪತ್ರಕ್ಕೆ ಬೆಲೆ ಬರುತ್ತದೆ. ಇದು ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವ್ಯವಸ್ಥೆ ಸರಿಯಾಗುವವರೆಗೆ ನಮ್ಮ ಮಕ್ಕಳು ಕಾದು ಕುಳಿತಿರಲಾರರಷ್ಟೆ. ಆದುದರಿಂದ ಲೆಕ್ಕ ಹಾಕಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಊರಿನ ಇನ್ನೊಂದು ಕೊನೆಯಲ್ಲಿ ಸಂಬಳವಿಲ್ಲದ ಮೂರು ತಿಂಗಳ ಅವಕಾಶ ದೊರೆಯಿತು. ಹೆಸರುವಾಸಿಯಾದ ಸ್ಥಳ. ಅವಳು ರೈಲಿನ ಪಾಸು, ಬಸ್ಸು, ಮಧ್ಯಾಹ್ನದ ಊಟ ಇವುಗಳನ್ನು ಒಂದು ಕಾಗದದಲ್ಲಿ ಬರೆದು, ಸಂಜೆ ತಾನು ಹೇಳುತ್ತಿದ್ದ ಮನೆಪಾಠದ ಆದಾಯ ನಿಲ್ಲುವುದನ್ನೂ ಅದರ ಕೆಳಗೆ ಬರೆದಳು. ಮೊತ್ತ ಅವಳ ತಾಯಿಯ ಒಂದು ತಿಂಗಳ ಗಳಿಕೆಗಿಂತ ಹೆಚ್ಚಾಯಿತು. ಅವಳು ಆ ಅವಕಾಶವನ್ನು ವಿನಯದಿಂದ ಬಿಟ್ಟು, ನಡೆದು ಹೋಗುವಷ್ಟು ಹತ್ತಿರದಲ್ಲಿದ್ದ ಪತ್ತಿನ ಸಂಘವೊಂದರಲ್ಲಿ ಬೆಳಗಿನ ನಾಲ್ಕು ಗಂಟೆಯ ಕೆಲಸವನ್ನು ಒಪ್ಪಿಕೊಂಡಳು. ಅಲ್ಲಿ ಹೋಗಿಬರುವ ಖರ್ಚಿಲ್ಲ; ಸಂಜೆಯ ಪಾಠವೂ ನಿಲ್ಲಲಿಲ್ಲ. ಸಾಲದ ಅರ್ಜಿಗಳನ್ನು ಪರಿಶೀಲಿಸುವುದನ್ನು ಅವಳು ಅಲ್ಲಿಯೇ ಕಲಿತಳು. ಹೆಸರನ್ನು ಬಿಟ್ಟುಕೊಟ್ಟು ಕೆಲಸವನ್ನು ಉಳಿಸಿಕೊಂಡ ಅವಳ ನಿರ್ಧಾರ ನನಗೆ ಸರಿಯೆನಿಸಿತು. ಸಂಬಳವಿಲ್ಲದ ಕಡೆಗೆ ಹೋಗಲೇಬೇಕಾದರೆ ಮೂರು ಷರತ್ತುಗಳಿರಲಿ: ಅವಧಿ ಚಿಕ್ಕದಾಗಿರಬೇಕು, ಕಲಿಸುವವರು ಯಾರೆಂಬುದು ಗೊತ್ತಿರಬೇಕು, ಹೋಗಿಬರುವ ಖರ್ಚನ್ನಾದರೂ ಕೇಳಿ ನೋಡಬೇಕು. ಕೇಳಿದರೆ ಕೊಡುವವರು ಉಂಟು.

ಎಚ್ಚರಿಕೆಯ ಮಾತುಗಳು

ಅಗತ್ಯವಿರುವಲ್ಲಿ ಮೋಸವೂ ಇರುತ್ತದೆ. ನೋಂದಣಿಗೆ ಇಷ್ಟು, ಭದ್ರತಾ ಠೇವಣಿ ಇಷ್ಟು, ತರಬೇತಿಯ ಸಾಮಗ್ರಿಗೆ ಇಷ್ಟು ಎಂದು ಇಂಟರ್ನ್‌ನಿಂದಲೇ ಹಣ ಕೇಳುವವರಿದ್ದಾರೆ. ಕೆಲಸ ಮಾಡುವವನು ಕೆಲಸ ಕೊಡುವವನಿಗೆ ಹಣ ಕೊಡುವುದು ಯಾವ ನ್ಯಾಯ? ಹಣ ಕೇಳಿದ ಕ್ಷಣವೇ ಎದ್ದು ಬರಬೇಕು. ಮೂಲ ಅಂಕಪಟ್ಟಿಯನ್ನು ಯಾರ ವಶಕ್ಕೂ ಕೊಡಕೂಡದು. ನಕಲನ್ನು ಮಾತ್ರ ಕೊಡಬೇಕು. ಬ್ಯಾಂಕಿನ ಗುಪ್ತಸಂಖ್ಯೆಯನ್ನಾಗಲಿ, ಮೊಬೈಲಿಗೆ ಬರುವ ಓ.ಟಿ.ಪಿ.ಯನ್ನಾಗಲಿ ಯಾರಿಗೂ ಹೇಳಕೂಡದು. ಕಚೇರಿಯ ವಿಳಾಸವಿಲ್ಲದೆ ಮೊಬೈಲಿನ ಸಂದೇಶದಲ್ಲಿಯೇ ಎಲ್ಲವನ್ನೂ ಮುಗಿಸುವವರನ್ನು ನಂಬಬಾರದು.

ಸೇರುವ ಮೊದಲು ಒಂದು ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ಆರಂಭದ ಮತ್ತು ಮುಕ್ತಾಯದ ದಿನ, ದಿನದ ವೇಳೆ, ಕೆಲಸದ ಸ್ವರೂಪ, ಮೇಲ್ವಿಚಾರಕರು ಯಾರು, ಹಣವಿದ್ದರೆ ಎಷ್ಟು, ಕೊನೆಯಲ್ಲಿ ಪ್ರಮಾಣಪತ್ರ ಕೊಡುವರೇ ಎಂಬುದಿರಲಿ. ಬಾಯಿಮಾತಿನ ಭರವಸೆ ಮೇ ತಿಂಗಳಲ್ಲಿ ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ.

ವಿದ್ಯಾರ್ಥಿನಿಯರೂ ಅವರ ತಂದೆತಾಯಿಗಳೂ ವಿಶೇಷವಾಗಿ ತಿಳಿಯಬೇಕಾದ ಕಾಯಿದೆಯೊಂದಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ ೨೦೧೩ರ ಕಾಯಿದೆಯು ಖಾಯಂ ನೌಕರರಿಗೆ ಮಾತ್ರವಲ್ಲ, ತರಬೇತಿಯಲ್ಲಿರುವವರಿಗೂ ಶಿಶಿಕ್ಷುಗಳಿಗೂ, ಸಂಬಳವಿಲ್ಲದೆ ದುಡಿಯುವವರಿಗೂ ರಕ್ಷಣೆ ಕೊಡುತ್ತದೆ. ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿಯೊಂದು ಕಡೆಯಲ್ಲಿಯೂ ದೂರು ಕೇಳುವ ಆಂತರಿಕ ಸಮಿತಿ ಇರಬೇಕು; ಅದಕ್ಕಿಂತ ಚಿಕ್ಕ ಸ್ಥಳಗಳಿಗಾಗಿ ಜಿಲ್ಲೆಯ ಸ್ಥಳೀಯ ಸಮಿತಿಯುಂಟು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತವಾಗಿ ದೂರು ಕೊಡಬೇಕು. “ಎರಡು ತಿಂಗಳಿಗಾಗಿ ಬಂದವಳು, ನನಗೇಕೆ?” ಎಂದು ಸಹಿಸಿಕೊಂಡಿರಬೇಕಾಗಿಲ್ಲ. ಇಂಥ ಸಂಗತಿ ನಡೆದರೆ ಮಗಳನ್ನು ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುವುದು ಪರಿಹಾರವಲ್ಲ. ಅವಳ ಪಕ್ಕದಲ್ಲಿ ನಿಲ್ಲುವುದು ಪರಿಹಾರ.

ಸೇರಿದ ಮೇಲೆ

ಮೊದಲ ವಾರ ನಿಮಗೆ ದೊಡ್ಡ ಕೆಲಸವನ್ನು ಯಾರೂ ಕೊಡುವುದಿಲ್ಲ. ಕಾಗದ ಜೋಡಿಸುವುದು, ನಕಲು ತೆಗೆಯುವುದು, ಪಟ್ಟಿ ತಾಳೆ ನೋಡುವುದು ಇಂಥವೇ ಬರುತ್ತವೆ. ಅದನ್ನು ಹೀನವೆಂದು ಎಣಿಸಬಾರದು. ಕಾಗದ ಜೋಡಿಸುವವನು ಕಾಗದವನ್ನು ಓದಲೂ ಬಲ್ಲ. ಒಂದು ಬಿಲ್ಲು ಎಲ್ಲಿಂದ ಬಂದು ಯಾರ ಸಹಿಯಾಗಿ ಎಲ್ಲಿಗೆ ಹೋಗುತ್ತದೆಂಬುದನ್ನು ಗಮನಿಸಿದವನಿಗೆ ವಾಣಿಜ್ಯಶಾಸ್ತ್ರದ ಒಂದು ಅಧ್ಯಾಯ ಕಣ್ಣ ಮುಂದೆ ನಡೆದಂತಾಗುತ್ತದೆ. ಆದರೆ ನಾಲ್ಕನೆಯ ವಾರವೂ ಚಹಾ ತರುವುದೇ ಕೆಲಸವಾದರೆ ಮೇಲ್ವಿಚಾರಕರನ್ನು ಕಂಡು, ಕಲಿಯಲು ಬಂದಿರುವುದನ್ನು ಮೃದುವಾಗಿ ನೆನಪಿಸಬೇಕು. ಆಗದಿದ್ದರೆ ಕಾಲೇಜಿಗೆ ತಿಳಿಸಬೇಕು.

ದಿನವೂ ಅರ್ಧ ಪುಟ ದಿನಚರಿ ಬರೆಯಿರಿ: ಇಂದು ಏನು ಮಾಡಿದೆ, ಏನು ಕಲಿತೆ, ಯಾವುದು ತಿಳಿಯಲಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ತಂದಾಗ ಬಡವರ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುತ್ತಿತ್ತು. ಆ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಎರಡಾಣೆಯಿಂದ ಗಂಟು ಬೆಳೆಯುತ್ತದೆಂಬ ಪಾಠ ಉಳಿದಿದೆ. ದಿನಚರಿಯೂ ಹಾಗೆಯೇ. ಮೂವತ್ತು ದಿನಗಳ ಅರ್ಧ ಪುಟಗಳು ಕೂಡಿ ಕಾಲೇಜಿಗೆ ಒಪ್ಪಿಸುವ ವರದಿ ತಾನಾಗಿಯೇ ಸಿದ್ಧವಾಗುತ್ತದೆ; ಮುಂದಿನ ಸಂದರ್ಶನದಲ್ಲಿ ಹೇಳಲು ಹತ್ತು ಉದಾಹರಣೆಗಳು ಕೈಯಲ್ಲಿರುತ್ತವೆ. ಬರೆಯುವಾಗ ಕಚೇರಿಯ ಗುಟ್ಟುಗಳನ್ನೂ ಗಿರಾಕಿಗಳ ಹೆಸರುಗಳನ್ನೂ ಬರೆಯಬಾರದೆಂಬುದು ನೆನಪಿರಲಿ.

ಸಮಯಕ್ಕೆ ಹತ್ತು ನಿಮಿಷ ಮೊದಲೇ ಹೋಗಿರಿ. ರೈಲು ತಡವಾಗುವುದು ಈ ನಗರದಲ್ಲಿ ಎಲ್ಲರಿಗೂ ಗೊತ್ತಿರುವ ಕಾರಣವಾದ್ದರಿಂದ ಯಾರೂ ಒಪ್ಪದ ಕಾರಣವೂ ಹೌದು. ತಿಳಿಯದುದನ್ನು ಅದೇ ದಿನ ಕೇಳಿರಿ. ಕೊನೆಯ ದಿನ ಪ್ರಮಾಣಪತ್ರ ಪಡೆದು, ಕಲಿಸಿದವರಿಗೆಲ್ಲ ವಂದನೆ ಹೇಳಿ ಬನ್ನಿರಿ. ಆ ಕಚೇರಿಯಲ್ಲಿ ನಿಮ್ಮ ಬಗ್ಗೆ ಉಳಿಯುವ ಒಳ್ಳೆಯ ಮಾತು, ನಿಮ್ಮ ಹಿಂದೆ ಅಲ್ಲಿಗೆ ಬರುವ ಇನ್ನೊಬ್ಬ ಕನ್ನಡ ಶಾಲೆಯ ಹುಡುಗನಿಗೆ ಪರಿಚಯಪತ್ರವಾಗುತ್ತದೆ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಈಗಾಗಲೇ ಕೆಲಸದಲ್ಲಿರುವವರಿಗೆ ಒಂದು ಬಿನ್ನಹ. ನಿಮ್ಮ ಕಚೇರಿಯಲ್ಲಿ ವರ್ಷಕ್ಕೆ ಒಬ್ಬನಿಗೆ, ಐದೇ ವಾರದ ಮಟ್ಟಿಗೆ, ಒಂದು ಕುರ್ಚಿಯನ್ನು ಕೇಳಿ ಕೊಡಿಸಿರಿ, ಶಾಲೆಗೆ ತಿಳಿಸಿರಿ. ಯೋಗ್ಯರನ್ನು ಆರಿಸಿ ಕಳುಹಿಸುವ ಹೊಣೆ ನಮ್ಮದು. ಕಾಲೇಜಿನಲ್ಲಿರುವ ಮಕ್ಕಳೇ, ಯಾರೂ ಕುರ್ಚಿ ಕೊಡದಿದ್ದರೂ ಕೇಳುವುದನ್ನು ಬಿಡಬೇಡಿರಿ. ಒಂದು ಕಾಗದವನ್ನು ತೆಗೆದುಕೊಂಡು ನೀವು ಇದುವರೆಗೆ ಮಾಡಿದ ಕೆಲಸಗಳನ್ನು, ಎಷ್ಟೇ ಚಿಕ್ಕವಾಗಿರಲಿ, ಒಂದೊಂದಾಗಿ ಇಂದೇ ಬರೆಯಿರಿ. ಆ ಪಟ್ಟಿಯೇ ನಿಮ್ಮ ಮೊದಲ ಅರ್ಜಿಯ ಮೊದಲ ಸಾಲು.